ಉಚಿತ ಆಟಗಳತ್ತ ಹೊರಳಿದ ಗೇಮ್ ಕಂಪನಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಡಿಯೊ ಗೇಮ್ ಉದ್ಯಮದ ಮಾತು ಬಂದಾಗಲೆಲ್ಲ ಪಾಲಕರು, ಕಾಲೇಜು ವಿದ್ಯಾರ್ಥಿಗಳು ಮತ್ತು ಸಿ.ಡಿ. ಕಾಲದಿಂದ ಆಡುತ್ತ ಬಂದ ಹಳೆಯ ಆಟಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಈ ಉದ್ಯಮದ ಪರಿಚಯ ಇರುವವರು ಮೊದಲ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು.

## ಆರಂಭದ ಪ್ರಶ್ನೆಗಳು

ಆಟ ಫ್ರೀ ಅಂತಾರೆ. ಹಾಗಾದ್ರೆ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತೆ?

ಮುಖ್ಯವಾಗಿ ಆಟದೊಳಗೆ ಮಾರುವ ವಸ್ತುಗಳಿಂದ ಬರುತ್ತದೆ. ಇವುಗಳಲ್ಲಿ ಕೆಲವು ನೋಟವನ್ನಷ್ಟೇ ಬದಲಿಸುತ್ತವೆ: ಪಾತ್ರದ ಉಡುಪು, ಬಂದೂಕಿನ ಬಣ್ಣ, ಗೆದ್ದಾಗ ಕುಣಿಯುವ ಕುಣಿತ. ಇವುಗಳಲ್ಲಿ ಉಡುಪು, ಬಣ್ಣಗಳಿಗೆ ಸ್ಕಿನ್ ಎಂಬ ಹೆಸರು ರೂಢಿಯಲ್ಲಿದೆ. ಇನ್ನು ಕೆಲವು ಆಟಗಾರನ ಬಲವನ್ನು ಹೆಚ್ಚಿಸುತ್ತವೆ ಅಥವಾ ಕಾಯುವ ಸಮಯವನ್ನು ಉಳಿಸುತ್ತವೆ. ಇವೆರಡರ ಜೊತೆಗೆ ಆಟದ ನಡುವೆ ಬರುವ ಜಾಹೀರಾತುಗಳಿವೆ, ಮತ್ತು ಒಂದೆರಡು ತಿಂಗಳ ಅವಧಿಗೆ ಇಷ್ಟೆಂದು ಕೊಟ್ಟು ಕೊಂಡರೆ ಆಡುತ್ತ ಹೋದಂತೆ ಬಹುಮಾನಗಳು ಸಿಗುವ ಬ್ಯಾಟಲ್ ಪಾಸ್ ಇದೆ. ಆಟ ಉಚಿತವಾಗಿರುವುದು ನಿಜವೇ. ಆದರೆ ಮೊದಲು ಅಂಗಡಿಯ ಕಟ್ಟೆಯ ಮೇಲೆ ಒಮ್ಮೆ ಕೊಡುತ್ತಿದ್ದ ಬೆಲೆ ಈಗ ಆಟದ ಒಳಗೆ ನೂರು ಕಡೆ ಹಂಚಿಹೋಗಿದೆ ಎಂಬುದು ಅಷ್ಟೇ ನಿಜ. ಮುಂದಿನ ಹೆಚ್ಚಿನ ಉತ್ತರಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಪಬ್ಲಿಷರ್, ಡೆವಲಪರ್ ಎರಡೂ ಒಂದೇ ಅಲ್ವಾ?

ಅಲ್ಲ. ಡೆವಲಪರ್ ಆಟವನ್ನು ಕಟ್ಟುತ್ತಾರೆ. ಪಬ್ಲಿಷರ್ ಬಂಡವಾಳ ಹೂಡಿ, ಪ್ರಚಾರ ಮಾಡಿ, ಆಟಗಾರರಿಗೆ ತಲುಪಿಸುತ್ತಾರೆ. ಬ್ಯಾಟಲ್‌ಫೀಲ್ಡ್ ಆಟಗಳನ್ನು ಕಟ್ಟಿದ್ದು ಸ್ಟಾಕ್‌ಹೋಮ್‌ನ ಡೈಸ್, ಮಾರಿದ್ದು ಕ್ಯಾಲಿಫೋರ್ನಿಯಾದ ಎಲೆಕ್ಟ್ರಾನಿಕ್ ಆರ್ಟ್ಸ್, ಅಂದರೆ ಇಎ. ಡಿಸ್ಕ್ ಮಾರುತ್ತಿದ್ದ ಕಾಲದಲ್ಲಿ ಆಟ ಅಂಗಡಿಗೆ ಬಂದ ಮೇಲೆ ಪಬ್ಲಿಷರ್ ಕೆಲಸ ಬಹುಪಾಲು ಮುಗಿದಂತೆ. ಉಚಿತ ಆನ್‌ಲೈನ್ ಆಟದಲ್ಲಿ ಬಿಡುಗಡೆಯ ದಿನವೇ ಅವರ ಕೆಲಸ ಶುರುವಾಗುತ್ತದೆ, ಏಕೆಂದರೆ ಆ ದಿನದವರೆಗೆ ಅವರ ಕೈಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ.

ಕ್ಯಾಶುವಲ್ ಗೇಮ್ ಅಂದ್ರೆ ಮಕ್ಕಳ ಆಟನಾ?

ಅಲ್ಲ. ಕಲಿಯಲು ಹೆಚ್ಚು ಶ್ರಮ ಬೇಡದ, ಬಸ್ಸಿಗೆ ಕಾಯುವ ಐದು ನಿಮಿಷದಲ್ಲಿ ಆಡಿ ಎತ್ತಿಡಬಹುದಾದ ಆಟಗಳಿಗೆ ಈ ಹೆಸರು. ಕ್ಯಾಂಡಿ ಕ್ರಷ್ ಆಡುವವರಲ್ಲಿ ದೊಡ್ಡವರೇ ಬಹಳ. ನವಿ ಮುಂಬೈನ ಗೇಮೆಟಿಯನ್ ಸಂಸ್ಥೆ 2016ರಲ್ಲಿ ತಂದ ಲೂಡೊ ಕಿಂಗ್ ಅನ್ನು 2020ರ ಲಾಕ್‌ಡೌನ್‌ನಲ್ಲಿ ಅಜ್ಜಿ-ಮೊಮ್ಮಕ್ಕಳು ಬೇರೆ ಬೇರೆ ಊರಿನಲ್ಲಿ ಕುಳಿತು ಆಡಿದರು. ಕ್ಯಾಶುವಲ್ ಆಟ ಮತ್ತು ಉಚಿತ ಆಟ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು. 2009ರಲ್ಲಿ ಬಂದ ಪ್ಲಾಂಟ್ಸ್ ವರ್ಸಸ್ ಜಾಂಬೀಸ್ ಕ್ಯಾಶುವಲ್ ಆಟ, ಆದರೆ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ಅದೇ ವರ್ಷ ಬಂದ ಲೀಗ್ ಆಫ್ ಲೆಜೆಂಡ್ಸ್ ಉಚಿತ, ಆದರೆ ಕಲಿಯಲು ತಿಂಗಳುಗಳೇ ಬೇಕಾಗುವ ಕಠಿಣ ಆಟ. ದೊಡ್ಡ ಕಂಪನಿಗಳು ಈ ಎರಡೂ ದಿಕ್ಕುಗಳಿಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹೊರಳಿದ್ದರಿಂದ ಇವೆರಡೂ ಒಂದೇ ಎಂಬ ಭಾವನೆ ಬೆಳೆದಿದೆ.

## ಬದಲಾವಣೆ ನಡೆದ ಬಗೆ

ಇದನ್ನ ಶುರು ಮಾಡಿದ್ದು ಅಮೆರಿಕದವರಾ?

ಇಲ್ಲ. ಇದರ ಬೇರು ದಕ್ಷಿಣ ಕೊರಿಯಾದಲ್ಲಿದೆ, ಮತ್ತು ಅಲ್ಲಿ ಅದು ಹುಟ್ಟಲು ಸ್ಪಷ್ಟ ಕಾರಣಗಳಿದ್ದವು. ಜಪಾನಿನ ಸಾಂಸ್ಕೃತಿಕ ಸರಕುಗಳ ಮೇಲೆ ಕೊರಿಯಾ ಹೇರಿದ್ದ ನಿರ್ಬಂಧ ಸಡಿಲವಾಗತೊಡಗಿದ್ದೇ 1998ರಲ್ಲಿ, ಅದೂ ಹಂತ ಹಂತವಾಗಿ. ಹಾಗಾಗಿ ಪ್ಲೇಸ್ಟೇಷನ್, ನಿಂಟೆಂಡೊಗಳು ಅಲ್ಲಿನ ಮನೆಗಳಲ್ಲಿ ನೆಲೆಯೂರಲಿಲ್ಲ. ಕಂಪ್ಯೂಟರ್ ಆಟಗಳ ಡಿಸ್ಕ್‌ಗಳು ನಕಲಾಗಿ ಹರಡುತ್ತಿದ್ದುದರಿಂದ ಪೆಟ್ಟಿಗೆಯಲ್ಲಿಟ್ಟು ಮಾರುವುದು ಲಾಭದ ವ್ಯಾಪಾರವಾಗಿರಲಿಲ್ಲ. 1997ರ ಆರ್ಥಿಕ ಬಿಕ್ಕಟ್ಟಿನ ನಂತರ ಪಿ.ಸಿ. ಬಾಂಗ್ ಎಂದು ಕರೆಯುವ ಗಂಟೆ ಲೆಕ್ಕದ ಕಂಪ್ಯೂಟರ್ ಅಂಗಡಿಗಳು ಬೀದಿ ಬೀದಿಯಲ್ಲಿ ತೆರೆದವು, ವೇಗದ ಇಂಟರ್‌ನೆಟ್ ದೇಶದಾದ್ಯಂತ ಹರಡಿತು. ಸರ್ವರ್‌ನಲ್ಲಿ ನಡೆಯುವ ಆಟವನ್ನು ನಕಲು ಮಾಡಲು ಬರುವುದಿಲ್ಲವಾದ್ದರಿಂದ ಆನ್‌ಲೈನ್ ಆಟಗಳೇ ಅಲ್ಲಿನ ಉದ್ಯಮದ ಬೆನ್ನೆಲುಬಾದವು.

1994ರಲ್ಲಿ ಸ್ಥಾಪನೆಯಾದ ನೆಕ್ಸಾನ್ ಮೊದಲು ತಿಂಗಳ ಚಂದಾ ಪಡೆಯುತ್ತಿತ್ತು. ಅದರ ಕ್ವಿಜ್‌ಕ್ವಿಜ್ ಎಂಬ ರಸಪ್ರಶ್ನೆ ಆಟಕ್ಕೆ ಚಂದಾ ಕಟ್ಟಲು ಜನ ಹಿಂಜರಿದಾಗ, ಪ್ರವೇಶವನ್ನು ಉಚಿತಗೊಳಿಸಿ ಪಾತ್ರಗಳ ಉಡುಪು-ತೊಡುಪುಗಳನ್ನು ಮಾರುವ ದಾರಿ ಹಿಡಿಯಿತು. 2003ರ ಮೇಪಲ್‌ಸ್ಟೋರಿ, 2004ರ ಕಾರ್ಟ್‌ರೈಡರ್ ಇದೇ ದಾರಿಯಲ್ಲಿ ದೊಡ್ಡದಾಗಿ ಬೆಳೆದವು. ಚೀನಾದಲ್ಲೂ 2000ರಿಂದ ಕನ್ಸೋಲ್, ಅಂದರೆ ಪ್ಲೇಸ್ಟೇಷನ್‌ನಂಥ ಆಟದ ಯಂತ್ರಗಳ ಮಾರಾಟಕ್ಕೆ ನಿಷೇಧವಿತ್ತು, ನಕಲು ಹಾವಳಿಯೂ ಇತ್ತು; 2005ರ ಕೊನೆಯಲ್ಲಿ ಶಾಂಡಾ ಸಂಸ್ಥೆ ತನ್ನ ದೊಡ್ಡ ಆಟಗಳನ್ನು ಉಚಿತಗೊಳಿಸಿತು, ಟೆನ್ಸೆಂಟ್ ಆ ಪದ್ಧತಿಯನ್ನು ಇನ್ನೂ ಎತ್ತರಕ್ಕೆ ಒಯ್ದಿತು. ಪಶ್ಚಿಮದ ಕಂಪನಿಗಳು ಇದನ್ನು ಬಹಳ ಕಾಲ ಏಷ್ಯಾದ ವಿಶೇಷವೆಂದೇ ಬಗೆದಿದ್ದವು.

ಪೆಟ್ಟಿಗೆ ಆಟ ಮಾರಿ ಕೋಟಿಗಟ್ಟಲೆ ಗಳಿಸ್ತಿದ್ದ ಇಎ, ಆಕ್ಟಿವಿಷನ್‌ಗಳಿಗೆ ಇದು ಯಾಕೆ ಬೇಕಾಯ್ತು?

ಅವರ ಹಳೆಯ ವ್ಯಾಪಾರ ಒಳಗಿನಿಂದಲೇ ಇಕ್ಕಟ್ಟಾಗುತ್ತಿತ್ತು. ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಬಂದ ಮೇಲೆ ಒಂದು ದೊಡ್ಡ ಆಟದ ತಯಾರಿಕೆಗೆ ಕೋಟ್ಯಂತರ ಡಾಲರ್ ತಗಲುತ್ತಿತ್ತು. ಮಾರಾಟವೆಲ್ಲ ಕ್ರಿಸ್‌ಮಸ್ ಮುಂಚಿನ ಕೆಲವೇ ವಾರಗಳಲ್ಲಿ ನಡೆಯಬೇಕಿತ್ತು. ಒಬ್ಬ ಆಡಿ ಮುಗಿಸಿದ ಡಿಸ್ಕ್ ಅಂಗಡಿಯಲ್ಲಿ ಎರಡನೆಯ ಬಾರಿ ಮಾರಾಟವಾದರೆ ಪಬ್ಲಿಷರ್‌ಗೆ ಏನೂ ಸಿಗುತ್ತಿರಲಿಲ್ಲ. 2008ರ ಆರ್ಥಿಕ ಕುಸಿತ ಇದಕ್ಕೆ ಸೇರಿಕೊಂಡಿತು. ಅದೇ ವರ್ಷದ ಜುಲೈಯಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆಯಿತು, ಮತ್ತು 2009ರ ಅಕ್ಟೋಬರ್‌ನಲ್ಲಿ ಉಚಿತ ಆ್ಯಪ್‌ಗಳ ಒಳಗೂ ವಸ್ತುಗಳನ್ನು ಮಾರಬಹುದೆಂದು ಅನುಮತಿ ಕೊಟ್ಟಿತು. ನನ್ನ ಪ್ರಕಾರ ಈ ಎರಡನೆಯ ತೀರ್ಮಾನವೇ ಇಡೀ ಕಥೆಯ ತಿರುವು, ಆದರೆ ಅದರ ಮಾತನ್ನು ಎತ್ತುವವರು ಕಡಿಮೆ.

ಇಎ ಹೊರಳಿದ ಬಗೆಯನ್ನು ಹತ್ತಿರದಿಂದ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2006ರಲ್ಲಿ ಅದು ಕೊರಿಯಾದ ನಿಯೋವಿಜ್ ಜೊತೆ ಸೇರಿ ಫಿಫಾ ಆನ್‌ಲೈನ್ ಎಂಬ ಉಚಿತ ಆಟವನ್ನು ಅಲ್ಲಿ ಪ್ರಯೋಗಿಸಿತು. 2009ರಲ್ಲಿ ಬ್ಯಾಟಲ್‌ಫೀಲ್ಡ್ ಹೀರೋಸ್ ಎಂಬ ಉಚಿತ ಶೂಟಿಂಗ್ ಆಟ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ, ಫೇಸ್‌ಬುಕ್ ಆಟಗಳನ್ನು ಮಾಡುತ್ತಿದ್ದ ಲಂಡನ್ನಿನ ಪ್ಲೇಫಿಷ್ ಅನ್ನು 40 ಕೋಟಿ ಡಾಲರ್‌ವರೆಗಿನ ಬೆಲೆಗೆ ಕೊಳ್ಳುವುದಾಗಿ ಪ್ರಕಟಿಸಿದ ದಿನವೇ ಸುಮಾರು 1,500 ಉದ್ಯೋಗಗಳನ್ನು ಕಡಿತಗೊಳಿಸುವುದಾಗಿಯೂ ಹೇಳಿತು. ಪೆಟ್ಟಿಗೆ ಆಟಗಳ ಪಟ್ಟಿಯನ್ನು ಕಡಿಮೆ ಮಾಡಿ ಆ ಹಣವನ್ನು ಆನ್‌ಲೈನ್ ಆಟಕ್ಕೆ ಹರಿಸುವುದೆಂದರೆ ಏನೆಂಬುದು ಆ ಒಂದೇ ದಿನದಲ್ಲಿ ತಿಳಿದುಬಿಟ್ಟಿತು. 2011ರಲ್ಲಿ ಪ್ಲಾಂಟ್ಸ್ ವರ್ಸಸ್ ಜಾಂಬೀಸ್ ಮಾಡಿದ ಪಾಪ್‌ಕ್ಯಾಪ್ ಅನ್ನು 75 ಕೋಟಿ ಡಾಲರ್ ನಗದು ಮತ್ತು ಷೇರು ಕೊಟ್ಟು ಕೊಂಡಿತು. ಎರಡು ವರ್ಷಗಳ ಬಳಿಕ ಬಂದ ಆ ಆಟದ ಎರಡನೆಯ ಭಾಗ ಉಚಿತವಾಗಿತ್ತು.

ಉಳಿದವರು ಬಂದದ್ದು ತಡವಾಗಿ, ತೆತ್ತದ್ದು ಹೆಚ್ಚು. ಆಕ್ಟಿವಿಷನ್ ಬ್ಲಿಜರ್ಡ್ 2015ರ ನವೆಂಬರ್‌ನಲ್ಲಿ ಕ್ಯಾಂಡಿ ಕ್ರಷ್‌ನ ಕಿಂಗ್ ಸಂಸ್ಥೆಯನ್ನು 590 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಜಿಟಿಎ ಆಟಗಳ ಟೇಕ್-ಟು 2022ರಲ್ಲಿ ಫಾರ್ಮ್‌ವಿಲ್ ಆಟದ ಜಿಂಗಾ ಸಂಸ್ಥೆಗೆ ಸುಮಾರು 1,270 ಕೋಟಿ ಡಾಲರ್ ಕೊಟ್ಟಿತು.

ನಿಂಟೆಂಡೊ ಯಾಕೆ ಹಿಂದೆ ಉಳೀತು?

ಅದು ತನ್ನ ಆಟಗಳನ್ನು ತನ್ನದೇ ಯಂತ್ರಗಳ ಮೇಲೆ ಮಾರುವ ಸಂಸ್ಥೆ. ಆಟದ ಬೆಲೆ ಇಳಿದರೆ ಯಂತ್ರದ ಮೌಲ್ಯವೂ ಇಳಿಯುತ್ತದೆಂಬ ಅಂಜಿಕೆ ಅದಕ್ಕಿತ್ತು. 2015ರಲ್ಲಿ ಜಪಾನಿನ ಮೊಬೈಲ್ ಆಟಗಳ ಕಂಪನಿ ಡಿಎನ್ಎ (DeNA) ಜೊತೆ ಒಪ್ಪಂದ ಮಾಡಿಕೊಂಡ ಮೇಲೆ, 2016ರ ಡಿಸೆಂಬರ್‌ನಲ್ಲಿ ಬಂದ ಸೂಪರ್ ಮಾರಿಯೊ ರನ್‌ನ ಮೊದಲ ಕೆಲವು ಹಂತಗಳನ್ನು ಉಚಿತವಾಗಿಟ್ಟು, ಪೂರ್ತಿ ಆಟಕ್ಕೆ ಒಮ್ಮೆ 9.99 ಡಾಲರ್ ಕೇಳಿತು. ಪಾಲಕರ ದೃಷ್ಟಿಯಿಂದ ಇದು ಅತ್ಯಂತ ಪ್ರಾಮಾಣಿಕ ಏರ್ಪಾಡು. ಆದರೆ ಎರಡು ತಿಂಗಳ ನಂತರ ಬಂದ, ಪಾತ್ರಗಳನ್ನು ಲಾಟರಿಯಂತೆ ಎತ್ತುವ, ನಿಂಟೆಂಡೊದ್ದೇ ಉಚಿತ ಆಟ ಫೈರ್ ಎಂಬ್ಲಮ್ ಹೀರೋಸ್ ಅದಕ್ಕಿಂತ ಹೆಚ್ಚು ಹಣ ತಂದಿತು.

ಎಲ್ಲರೂ ಆಡ್ತಿದ್ದ ಫಾರ್ಮ್‌ವಿಲ್ ಏನಾಯ್ತು?

2009ರ ಜೂನ್‌ನಲ್ಲಿ ಫೇಸ್‌ಬುಕ್‌ನಲ್ಲಿ ಬಂದ ಈ ಆಟದಲ್ಲಿ ಹೊಲ ಉತ್ತು, ಬಿತ್ತಿ, ಬೆಳೆ ಬಂದಾಗ ಕೊಯ್ಯಬೇಕಿತ್ತು. ಸ್ಟ್ರಾಬೆರಿ ನಾಲ್ಕು ಗಂಟೆಯಲ್ಲಿ ಕೊಯ್ಲಿಗೆ ಬರುತ್ತಿತ್ತು. ಹೊತ್ತಿಗೆ ಸರಿಯಾಗಿ ಹಿಂತಿರುಗದಿದ್ದರೆ ಬೆಳೆ ಒಣಗುತ್ತಿತ್ತು. ಕಚೇರಿಯ ಊಟದ ಬಿಡುವಿನಲ್ಲಿ ಜನ ಹೊಲ ನೋಡಲು ಓಡಿಬರುತ್ತಿದ್ದುದು ಈ ಗಡಿಯಾರದ ಕಾರಣದಿಂದ. ಆಟದ ಸಂದೇಶಗಳು ಎಲ್ಲರ ಫೇಸ್‌ಬುಕ್ ಪುಟ ತುಂಬತೊಡಗಿದಾಗ ಫೇಸ್‌ಬುಕ್ 2010ರಲ್ಲಿ ಅವುಗಳಿಗೆ ಕಡಿವಾಣ ಹಾಕಿತು. ಜನ ಕಂಪ್ಯೂಟರ್ ಬಿಟ್ಟು ಫೋನಿಗೆ ಬಂದರು. 2011ರ ಡಿಸೆಂಬರ್‌ನಲ್ಲಿ 10 ಡಾಲರ್‌ಗೆ ಮಾರಾಟವಾದ ಜಿಂಗಾ ಷೇರು ಒಂದು ವರ್ಷದೊಳಗೆ 3 ಡಾಲರ್‌ಗಿಂತ ಕೆಳಗಿಳಿಯಿತು. ಆಟ ಓಡಲು ಬೇಕಿದ್ದ ಫ್ಲ್ಯಾಶ್ ತಂತ್ರಜ್ಞಾನವನ್ನೇ ನಿಲ್ಲಿಸಿದಾಗ, 2020ರ ಡಿಸೆಂಬರ್ 31ರಂದು ಮೂಲ ಫಾರ್ಮ್‌ವಿಲ್ ಮುಚ್ಚಿತು. ಬೇರೊಬ್ಬರ ವೇದಿಕೆಯ ಮೇಲೆ ಮನೆ ಕಟ್ಟಿದವರ ಸ್ಥಿತಿ ಇದು.

## ಆಟದ ರಚನೆ ಮತ್ತು ಹಣದ ಲೆಕ್ಕ

ಚೆನ್ನಾಗಿ ಆಡ್ತಾ ಇರ್ತೀನಿ, ಒಂದು ಕಡೆ ಬಂದು ಸಿಕ್ಕಿಹಾಕ್ಕೋತೀನಿ. ಇದು ಬೇಕಂತಲೇ ಮಾಡಿರೋದಾ?

ಹೌದು, ಬಹಳ ಎಚ್ಚರದಿಂದ ಮಾಡಿದ್ದು. ಕ್ಯಾಂಡಿ ಕ್ರಷ್‌ನಲ್ಲಿ ಐದು ಜೀವಗಳಿರುತ್ತವೆ. ಸೋತಾಗ ಒಂದು ಹೋಗುತ್ತದೆ, ಅದು ಮರಳಲು ಮೂವತ್ತು ನಿಮಿಷ ಬೇಕು. ಗೆಲುವಿಗೆ ಇನ್ನೊಂದೆರಡು ಚಲನೆ ಸಾಕಿತ್ತು ಎನ್ನುವಾಗಲೇ ಐದು ಹೆಚ್ಚುವರಿ ಚಲನೆಗಳನ್ನು ಕೊಳ್ಳುವ ಗುಂಡಿ ಕಣ್ಣೆದುರು ನಿಲ್ಲುತ್ತದೆ. ಕ್ಲ್ಯಾಶ್ ಆಫ್ ಕ್ಲಾನ್ಸ್‌ನಲ್ಲಿ ಕಟ್ಟಡ ಕಟ್ಟುವ ಕೆಲಸಗಾರರು ಕಡಿಮೆ. ಮೊದಮೊದಲು ನಿಮಿಷಗಳಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮುಂದೆ ದಿನಗಟ್ಟಲೆ ಹಿಡಿಯುತ್ತದೆ, ಹಸಿರು ಜೆಮ್ ಕೊಟ್ಟರೆ ಆ ಕ್ಷಣವೇ ಮುಗಿಯುತ್ತದೆ. ಇಲ್ಲಿ ಮಾರುತ್ತಿರುವುದು ನಿಮ್ಮದೇ ಸಮಯವನ್ನು.

ರೂಪಾಯಿಯನ್ನು ಮೊದಲು ಜೆಮ್, ಡೈಮಂಡ್ ಅಥವಾ ಯುಸಿ ಆಗಿ ಬದಲಿಸುವುದೂ ರಚನೆಯ ಭಾಗವೇ. ನಾಣ್ಯಗಳ ಕಟ್ಟು ಒಂದು ಅಳತೆಯಲ್ಲಿ, ವಸ್ತುವಿನ ಬೆಲೆ ಇನ್ನೊಂದು ಅಳತೆಯಲ್ಲಿ ಇರುವುದರಿಂದ ಕೊನೆಗೆ ಸ್ವಲ್ಪ ಉಳಿಯುತ್ತದೆ, ಉಳಿದದ್ದನ್ನು ಬಳಸಲು ಮತ್ತೆ ಟಾಪ್-ಅಪ್ ಮಾಡಬೇಕಾಗುತ್ತದೆ. ರೂಪಾಯಿಯಲ್ಲಿ ಇದರ ಬೆಲೆ ಎಷ್ಟು ಎಂದು ಹತ್ತು ವರ್ಷದ ಹುಡುಗನನ್ನು ಕೇಳಿ ನೋಡಿದರೆ ಆತ ಲೆಕ್ಕ ಹಾಕಲು ತಡವರಿಸುತ್ತಾನೆ, ದೊಡ್ಡವರೂ ತಡವರಿಸುತ್ತಾರೆ.

ಈ ವಿಧಾನ ಎಲ್ಲೆ ಮೀರಿದ್ದಕ್ಕೆ ಇಎಯ ಡಂಜನ್ ಕೀಪರ್ ಸಾಕ್ಷಿ. 1997ರ ಮೂಲ ಆಟದಲ್ಲಿ ಕ್ಷಣಗಳಲ್ಲಿ ಅಗೆಯಬಹುದಾಗಿದ್ದ ಕಲ್ಲಿನ ಒಂದೊಂದು ಚೌಕಕ್ಕೆ 2014ರ ಫೋನ್ ಆವೃತ್ತಿಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ದಿನ ಕಾಯಬೇಕಿತ್ತು. ದುಡ್ಡು ಕೊಡದೆ ಆಡಲಾಗದಷ್ಟು ನಿಧಾನವಾದ ಆಟವನ್ನು ಉಚಿತವೆಂದು ಪ್ರಚಾರ ಮಾಡಿದ್ದು ದಾರಿ ತಪ್ಪಿಸುವಂಥದು ಎಂದು ಬ್ರಿಟನ್ನಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರ ಆ ವರ್ಷವೇ ತೀರ್ಪು ಕೊಟ್ಟಿತು. ಅದು ನ್ಯಾಯವಾದ ತೀರ್ಪು ಎಂದೇ ನಾನು ನಂಬಿದ್ದೇನೆ.

ನಾನಂತೂ ಒಂದು ಪೈಸೆ ಕೊಟ್ಟಿಲ್ಲ. ಮತ್ತೆ ಯಾರ ದುಡ್ಡಲ್ಲಿ ನಡೀತಿದೆ?

ನಿಮ್ಮಂಥವರೇ ಬಹುಸಂಖ್ಯಾತರು. ಕೊಡುವವರು ಬಹಳ ಕಡಿಮೆ, ಅವರಲ್ಲೂ ಆದಾಯದ ದೊಡ್ಡ ಪಾಲು ಇನ್ನೂ ಕೆಲವೇ ಮಂದಿಯಿಂದ ಬರುತ್ತದೆ. ಉದ್ಯಮದೊಳಗೆ ಅವರನ್ನು ತಿಮಿಂಗಿಲಗಳೆಂದು ಕರೆಯುವ ರೂಢಿಯಿದೆ. ಅವರಲ್ಲಿ ಹಣವಂತರಿರಬಹುದು, ತಮ್ಮನ್ನು ತಡೆದುಕೊಳ್ಳಲಾಗದವರೂ ಇರಬಹುದು, ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕಾಣುತ್ತಾರೆ. ಈ ವ್ಯವಸ್ಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಶ ಇದೇ. ಇನ್ನು ದುಡ್ಡು ಕೊಡದವರು ಕಂಪನಿಗೆ ಹೊರೆಯೇನಲ್ಲ. ಎದುರಾಳಿಗಳಾಗಿ, ಜೊತೆಗಾರರಾಗಿ, ಜಾಹೀರಾತು ನೋಡುವವರಾಗಿ, ಗೆಳೆಯರನ್ನು ಕರೆತರುವವರಾಗಿ ಅವರೇ ಆಟವನ್ನು ಜೀವಂತವಾಗಿಡುತ್ತಾರೆ. ಖಾಲಿ ಮೈದಾನದಲ್ಲಿ ಹೊಸ ಉಡುಪು ತೊಡಲು ಯಾರೂ ದುಡ್ಡು ಕೊಡುವುದಿಲ್ಲ.

ಭಾರತದಲ್ಲಿ ಫ್ರೀ ಆಟಗಳೇ ಯಾಕೆ ಇಷ್ಟು ಓಡ್ತವೆ?

ಕೊರಿಯಾದ ಕಾರಣಗಳನ್ನೇ ಹೋಲುವ ಕಾರಣಗಳು ನಮ್ಮಲ್ಲೂ ಇದ್ದವು. ಕನ್ಸೋಲ್ ಮತ್ತು ಅಸಲಿ ಡಿಸ್ಕ್‌ಗಳ ಬೆಲೆ ಮಧ್ಯಮ ವರ್ಗದ ಕೈಗೆ ಎಟುಕುತ್ತಿರಲಿಲ್ಲ. ಬೆಂಗಳೂರಿನ ಒಂದು ತಲೆಮಾರು ನಕಲು ಸಿ.ಡಿ.ಗಳಿಂದಲೂ ಸೈಬರ್ ಕೆಫೆಗಳಿಂದಲೂ ಆಟ ಕಲಿತಿದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದಾಗ ಬಹಳ ಜನರ ಮೊದಲ ಗೇಮಿಂಗ್ ಯಂತ್ರ ಫೋನೇ ಆಯಿತು. 2018ರಲ್ಲಿ ಬಂದ ಪಬ್‌ಜಿ ಮೊಬೈಲ್ ಆ ಫೋನಿನಲ್ಲಿ ಉಚಿತವಾಗಿ ಓಡಿತು. ಹಾವೇರಿಯ ಹುಡುಗನೂ ಸೋಲ್‌ನ ಹುಡುಗನೂ ಒಂದೇ ಆಟವನ್ನು ಆಡಲು ಸಾಧ್ಯವಾದದ್ದು ಈ ಪದ್ಧತಿಯಿಂದಲೇ, ಮತ್ತು ಅದು ಸಣ್ಣ ಸಂಗತಿಯಲ್ಲ.

## ಕಾನೂನು, ಮಕ್ಕಳು ಮತ್ತು ಖರ್ಚು

ಲೂಟ್ ಬಾಕ್ಸ್ ಅಂದ್ರೆ ಜೂಜೇ ಅಲ್ವಾ?

ಒಳಗೆ ಏನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತೆರೆಯುವುದು ಲೂಟ್ ಬಾಕ್ಸ್. ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಪೆಟ್ಟಿಗೆಗಳಿಂದ ಒಂದು ಪೂರ್ತಿ ಜೋಡಣೆಯನ್ನು ಸಂಗ್ರಹಿಸಿದರೆ ದೊಡ್ಡ ಬಹುಮಾನ ಕೊಡುವ ‘ಕಂಪ್ಲೀಟ್ ಗಾಚಾ’ ಕಾನೂನುಬಾಹಿರ ಎಂದು ಜಪಾನ್ 2012ರಲ್ಲಿ ಸ್ಪಷ್ಟಪಡಿಸಿತು. ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಪ್ರಕಟಿಸಬೇಕೆಂದು ಚೀನಾ 2017ರಲ್ಲಿ ನಿಯಮ ತಂದಿತು. ಅದೇ ವರ್ಷದ ನವೆಂಬರ್‌ನಲ್ಲಿ, ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕಾದ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟದೊಳಗೂ ಇಂಥ ಪೆಟ್ಟಿಗೆಗಳಿದ್ದುದಕ್ಕೆ ಆಟಗಾರರು ತಿರುಗಿಬಿದ್ದು, ಬಿಡುಗಡೆಯ ಹೊಸ್ತಿಲಲ್ಲೇ ಇಎ ಖರೀದಿಯನ್ನು ನಿಲ್ಲಿಸಬೇಕಾಯಿತು. 2018ರಲ್ಲಿ ಬೆಲ್ಜಿಯಂನ ಜೂಜು ಆಯೋಗ ಇವು ಜೂಜೇ ಎಂದಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಫಿಫಾ ಪೆಟ್ಟಿಗೆಗಳಿಗೆ ವಿಧಿಸಿದ್ದ ದಂಡವನ್ನು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ 2022ರಲ್ಲಿ ರದ್ದು ಮಾಡಿತು. ಈ ಪದ್ಧತಿಯ ತವರಾದ ಕೊರಿಯಾದಲ್ಲೇ, ಮೇಪಲ್‌ಸ್ಟೋರಿಯಲ್ಲಿ ಸಾಧ್ಯತೆಗಳನ್ನು ಆಟಗಾರರಿಗೆ ತಿಳಿಸದೆ ಬದಲಿಸಿದ್ದಕ್ಕೆ 2024ರ ಜನವರಿಯಲ್ಲಿ ನೆಕ್ಸಾನ್‌ಗೆ ಸುಮಾರು 1,160 ಕೋಟಿ ವಾನ್ ದಂಡ ಬಿತ್ತು. ಸಾಧ್ಯತೆಯನ್ನು ಬಹಿರಂಗಪಡಿಸುವುದು ಎಲ್ಲ ದೇಶಗಳಲ್ಲೂ ಕಡ್ಡಾಯವಾಗಬೇಕಾದ ಕನಿಷ್ಠ ನಿಯಮ. ಮಕ್ಕಳಿಗೆ ಇಂಥ ಪೆಟ್ಟಿಗೆಗಳನ್ನು ಮಾರಲೇಬಾರದು ಎಂಬುದು ನನ್ನ ನಿಲುವು.

2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇವನ್ನೂ ಬ್ಯಾನ್ ಮಾಡಿದೆಯಾ?

ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆಯ ಗುರಿ ಹಣವಿಟ್ಟು, ಮರಳಿ ಹಣ ಅಥವಾ ಬೇರೆ ಲಾಭ ಗೆಲ್ಲುವ ನಿರೀಕ್ಷೆಯಿಂದ ಆಡುವ ಆಟಗಳು. ಆನ್‌ಲೈನ್ ರಮ್ಮಿ, ದುಡ್ಡಿನ ಫ್ಯಾಂಟಸಿ ಕ್ರಿಕೆಟ್ ಈ ವರ್ಗಕ್ಕೆ ಸೇರುತ್ತವೆ. ಇ-ಸ್ಪೋರ್ಟ್ಸ್ ಮತ್ತು ಪಣವಿಲ್ಲದ ಸಾಮಾಜಿಕ ಆಟಗಳನ್ನು ಕಾಯ್ದೆ ಬೇರೆಯಾಗಿ ಗುರುತಿಸಿದೆ. ಮರಳಿ ಹಣವಾಗಿ ಬದಲಿಸಲಾಗದ ಸ್ಕಿನ್ ಒಂದನ್ನು ಕೊಳ್ಳುವುದು ಮೊದಲನೆಯ ವರ್ಗಕ್ಕೆ ಸೇರುವಂತೆ ಕಾಣುವುದಿಲ್ಲ.

ಮಗ ನನ್ನ ಫೋನಲ್ಲಿ ದುಡ್ಡು ಖರ್ಚು ಮಾಡಿಬಿಟ್ಟಿದ್ದಾನೆ. ವಾಪಸ್ ಸಿಗುತ್ತಾ?

ಸಿಗುವ ಸಾಧ್ಯತೆ ಇದೆ, ಆದರೆ ತಡಮಾಡಬಾರದು. ಗೂಗಲ್ ಪ್ಲೇನಲ್ಲಿ ಖರೀದಿ ನಡೆದ 48 ಗಂಟೆಯೊಳಗೆ ಮರುಪಾವತಿ ಕೇಳುವುದು ಸುಲಭ. ಆ್ಯಪಲ್‌ನಲ್ಲಿ ಸಮಸ್ಯೆ ವರದಿ ಮಾಡುವ ಪುಟದಿಂದ ಕೇಳಬಹುದು. ರಶೀದಿಯ ಇ-ಮೇಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ. ಮುಂದೆ ಹೀಗಾಗದಂತೆ, ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಯುಪಿಐ ಪಿನ್ ಮಕ್ಕಳಿಗೆ ತಿಳಿಯದಂತೆ ನೋಡಿಕೊಳ್ಳಿ, ಮಗುವಿಗೆ ಪ್ರತ್ಯೇಕ ಖಾತೆ ತೆರೆದು ಫ್ಯಾಮಿಲಿ ಲಿಂಕ್‌ಗೆ ಸೇರಿಸಿ. ಇದು ನಿಮ್ಮೊಬ್ಬರ ಮನೆಯ ಸಮಸ್ಯೆಯಲ್ಲ: ಮಕ್ಕಳು ಅನುಮತಿಯಿಲ್ಲದೆ ಮಾಡಿದ ಖರೀದಿಗಳ ಹಣವನ್ನು, ಕನಿಷ್ಠ 3.25 ಕೋಟಿ ಡಾಲರ್, ಹಿಂತಿರುಗಿಸಲು ಆ್ಯಪಲ್ 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ ಒಪ್ಪಿಕೊಂಡಿತು. 2022ರಲ್ಲಿ ಫೋರ್ಟ್‌ನೈಟ್‌ನ ಎಪಿಕ್ ಗೇಮ್ಸ್ 24.5 ಕೋಟಿ ಡಾಲರ್ ಮರುಪಾವತಿಗೆ ಒಪ್ಪಿತು. ಹುಡುಗನನ್ನು ಗದರಿಸುವ ಮುನ್ನ, ಆ ಗುಂಡಿಯನ್ನು ಆತ ಒತ್ತುವಂತೆ ಮಾಡಲು ನುರಿತವರ ಒಂದು ತಂಡವೇ ಕೆಲಸ ಮಾಡಿದೆ ಎಂಬುದನ್ನು ನೆನಪಿಡಿ.

ದುಡ್ಡು ಕೊಟ್ಟು ಕೊಂಡ ಸ್ಕಿನ್ ನಂದೇ ತಾನೇ?

ಕಾನೂನಿನ ಮಾತಿನಲ್ಲಿ ನಿಮಗೆ ಸಿಗುವುದು ಬಳಸುವ ಅನುಮತಿ ಮಾತ್ರ. ಸರ್ವರ್ ಮುಚ್ಚಿದರೆ ಅದೂ ಹೋಗುತ್ತದೆ. ಬ್ಯಾಟಲ್‌ಫೀಲ್ಡ್ ಹೀರೋಸ್ 2015ರಲ್ಲಿ ಹಾಗೆ ಮುಚ್ಚಿತು. ಪಬ್‌ಜಿ ಮೊಬೈಲ್ ಅನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿದಾಗ ನಮ್ಮ ಆಟಗಾರರಿಗೂ ಇದರ ಅನುಭವವಾಯಿತು. 2021ರಲ್ಲಿ ಪಬ್‌ಜಿಯ ಭಾರತದ ಆವೃತ್ತಿಯಾಗಿ ಬಿಜಿಎಂಐ ಬಂದಾಗ ಹಳೆಯ ಖಾತೆಯನ್ನು ವರ್ಗಾಯಿಸುವ ಅವಕಾಶ ಕೊಟ್ಟದ್ದು ಅದನ್ನು ತಂದ ಕೊರಿಯಾದ ಕ್ರಾಫ್ಟನ್ ಕಂಪನಿ ಮಾಡಿದ ಒಳ್ಳೆಯ ಕೆಲಸ, ಆದರೆ ಅದು ಆಟಗಾರರ ಹಕ್ಕಾಗಿರಲಿಲ್ಲ.

## ಉದ್ಯಮದ ಒಳಗನ್ನು ಬಲ್ಲವರ ಪ್ರಶ್ನೆಗಳು

ಉಚಿತ ಆಟ ಮಾಡೋದು ಕಂಪನಿಗೆ ಅಗ್ಗವೇ?

ಕಟ್ಟುವುದು ಕೆಲವೊಮ್ಮೆ ಅಗ್ಗ, ಆಟಗಾರರನ್ನು ಕರೆತರುವುದು ಬಹಳ ದುಬಾರಿ. ಜಾಹೀರಾತು ನೋಡಿ ಆಟ ಇಳಿಸಿಕೊಂಡ ಒಬ್ಬೊಬ್ಬರಿಗೂ ಇಷ್ಟೆಂದು ಖರ್ಚು ಬೀಳುತ್ತದೆ. ಆ ವ್ಯಕ್ತಿ ಆಟ ಬಿಡುವಷ್ಟರಲ್ಲಿ ತರುವ ಸರಾಸರಿ ಆದಾಯ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ವ್ಯಾಪಾರ ನಿಲ್ಲುತ್ತದೆ. ಆಟದೊಳಗಿನ ಮಾರಾಟದಲ್ಲಿ ಆ್ಯಪ್ ಸ್ಟೋರ್‌ಗಳು ಬಹಳ ಕಾಲ ಶೇ 30ರಷ್ಟನ್ನು ಪಡೆಯುತ್ತ ಬಂದಿವೆ. 2021ರ ಏಪ್ರಿಲ್‌ನಲ್ಲಿ ಆ್ಯಪಲ್, ಬಳಕೆದಾರರ ಅನುಮತಿಯಿಲ್ಲದೆ ಆ್ಯಪ್‌ನಿಂದ ಆ್ಯಪ್‌ಗೆ ಅವರ ಜಾಡು ಹಿಡಿಯಬಾರದೆಂದು ನಿಯಮ ತಂದ ಮೇಲೆ, ದುಡ್ಡು ಕೊಡುವ ಸಂಭವವಿರುವ ಆಟಗಾರರನ್ನೇ ಆರಿಸಿ ಜಾಹೀರಾತು ತೋರಿಸುವುದು ಕಷ್ಟವಾಯಿತು. ಸಣ್ಣ ಸಂಸ್ಥೆಗಳು ದೊಡ್ಡ ಪಬ್ಲಿಷರ್‌ಗಳ ಆಸರೆ ಹುಡುಕಲು ಇದೂ ಒಂದು ಕಾರಣ.

ಒಮ್ಮೆ ದುಡ್ಡು ಕೊಟ್ಟು ಪೂರ್ತಿ ಆಡೋ ಆಟಗಳು ಇನ್ನು ಮುಗಿದವಾ?

ಇಲ್ಲ. 2022ರ ಎಲ್ಡನ್ ರಿಂಗ್, 2023ರ ಬಾಲ್ಡರ್ಸ್ ಗೇಟ್ 3 ಎರಡೂ ಒಮ್ಮೆ ಬೆಲೆ ಪಡೆದು ಪೂರ್ತಿ ಆಟ ಕೊಟ್ಟವು, ಅಪಾರವಾಗಿ ಮಾರಾಟವಾದವು. ವರ್ಷಾನುಗಟ್ಟಲೆ ನಡೆಸುವ ಆಟಗಳ ಬೆನ್ನು ಹತ್ತಿದವರೆಲ್ಲ ಗೆದ್ದಿಲ್ಲ: ಸೋನಿಯ ಕಾಂಕಾರ್ಡ್ 2024ರ ಆಗಸ್ಟ್‌ನಲ್ಲಿ ಬಂದು ಎರಡು ವಾರದಲ್ಲೇ ಮುಚ್ಚಿತು. ಆಟಗಾರರ ದಿನಕ್ಕೆ ಇರುವ ಗಂಟೆಗಳು ಸೀಮಿತ, ಮತ್ತು ಫೋರ್ಟ್‌ನೈಟ್‌ನಂಥ ನಾಲ್ಕಾರು ಆಟಗಳು ಆ ಗಂಟೆಗಳನ್ನು ಆಗಲೇ ಹಿಡಿದುಕೊಂಡಿವೆ.

ಬೆಂಗಳೂರಲ್ಲಿ ಈ ಕ್ಷೇತ್ರದಲ್ಲಿ ಕೆಲಸ ಸಿಗುತ್ತಾ? ಏನು ಕಲೀಬೇಕು?

ಸಿಗುತ್ತದೆ. ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಈ ನಗರದ ಹಳೆಯ ಬೇರು. 2019ರಲ್ಲಿ ಅದು ಟೇಕ್-ಟು ಕೈಸೇರಿ, ಜಿಟಿಎ ಕಟ್ಟುವ ರಾಕ್‌ಸ್ಟಾರ್‌ನ ಭಾಗವಾಯಿತು. ಜಿಂಗಾ 2010ರಲ್ಲಿ ಇಲ್ಲಿ ಕಚೇರಿ ತೆರೆಯಿತು. ಅಲ್ಲಿಂದ ಹೊರಬಂದವರು 2013ರಲ್ಲಿ ಕಟ್ಟಿದ ಮೂನ್‌ಫ್ರಾಗ್ ಲ್ಯಾಬ್ಸ್ ಅನ್ನು 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಕೊಂಡಿತು.

ಕೋಡಿಂಗ್ ಮತ್ತು ಚಿತ್ರಕಲೆಯ ಆಚೆಗೆ, ಉಚಿತ ಆಟಗಳಲ್ಲಿ ಲೈವ್ ಆಪ್ಸ್ ಎಂಬ ದೊಡ್ಡ ವಿಭಾಗವಿದೆ. ದೀಪಾವಳಿಗೆ ಯಾವ ವಿಶೇಷ ಸ್ಪರ್ಧೆ ಇಡಬೇಕು, ಏಳನೆಯ ದಿನ ಆಟ ಬಿಡುವವರು ಎಷ್ಟು ಮಂದಿ, ಒಂದು ಹಂತವನ್ನು ಸ್ವಲ್ಪ ಸುಲಭಗೊಳಿಸಿದರೆ ಅವರು ಉಳಿಯುತ್ತಾರೆಯೇ ಎಂದು ಅಂಕಿಅಂಶಗಳಿಂದ ತಿಳಿದು ತೀರ್ಮಾನಿಸುವ ಕೆಲಸ ಅದು. ಇದಕ್ಕೆ ಎಸ್‌ಕ್ಯುಎಲ್ (ದತ್ತಾಂಶದಿಂದ ಬೇಕಾದ ಮಾಹಿತಿ ತೆಗೆಯುವ ಕಂಪ್ಯೂಟರ್ ಭಾಷೆ), ಸಂಖ್ಯಾಶಾಸ್ತ್ರ ಮತ್ತು ಬಿಡದೆ ಆಡುವ ಆಸಕ್ತಿ ಬೇಕು. ಸಂದರ್ಶನಕ್ಕೆ ಹೋಗುವ ಮುನ್ನ ಒಂದು ಉಚಿತ ಆಟವನ್ನು ದುಡ್ಡು ಕೊಡದೆ ತಿಂಗಳ ಕಾಲ ಆಡಿ, ಅದು ನಿಮ್ಮನ್ನು ಎಲ್ಲೆಲ್ಲಿ ತಡೆಯಿತು, ಆಗ ಯಾವ ಬೆಲೆಗೆ ಏನನ್ನು ಮುಂದಿಟ್ಟಿತು, ನಾಲ್ಕು ದಿನ ಬಿಟ್ಟು ಮರಳಿದಾಗ ಏನು ಕೊಟ್ಟು ಸ್ವಾಗತಿಸಿತು ಎಂಬುದನ್ನು ದಿನಾಂಕಸಹಿತ ಬರೆದಿಡಿ. ಆ ಟಿಪ್ಪಣಿಯಲ್ಲಿ ಯಾವ ತಡೆಯನ್ನು ನೀವು ತೆಗೆದುಹಾಕುತ್ತಿದ್ದಿರಿ, ಏಕೆ ಎಂಬುದನ್ನೂ ಸೇರಿಸಿ. ಸಂದರ್ಶನದಲ್ಲಿ ಹೆಚ್ಚು ಹೊತ್ತು ಮಾತು ನಡೆಯುವುದು ಆ ಭಾಗದ ಮೇಲೆಯೇ.